ಬಿಸಿಲು ಬಿಟ್ಟಿ, ಬಿಸಿನೀರು?

ದೀಪಾವಳಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಬಚ್ಚಲಮನೆಯ ತಾಮ್ರದ ಹಂಡೆಯನ್ನು ಹುಣಿಸೆಹಣ್ಣು ಹಾಕಿ ತಿಕ್ಕಿ ಬೆಳಗಿ, ಕೊರಳಿಗೆ ಬಳ್ಳಿಯನ್ನೋ ಹೂವಿನ ಸರವನ್ನೋ ಸುತ್ತಿ, ಬಾವಿಯ ನೀರನ್ನು ತುಂಬಿ, ಮರುದಿನ ನಸುಕಿನ ಎಣ್ಣೆಸ್ನಾನಕ್ಕೆ ಅಣಿಮಾಡುವ ಸಂಭ್ರಮವನ್ನು ನಮ್ಮ ವಾಚಕರಲ್ಲಿ ಹಲವರು ಅಜ್ಜಿಯ ಮನೆಯಲ್ಲಿ ಕಂಡಿರಬಹುದು. ಹಂಡೆಯ ಒಲೆಗೆ ತೆಂಗಿನ ಮಟ್ಟೆ, ಗರಿ, ಅಡಕೆಯ ಸಿಪ್ಪೆ, ಒಣಗಿದ ರೆಂಬೆ, ಹಿತ್ತಿಲಲ್ಲಿ ಬಿದ್ದದ್ದೆಲ್ಲವೂ ಉರುವಲೇ. ಆ ಬಿಸಿನೀರಿಗೆ ಬೆಲೆಯೆಷ್ಟೆಂದು ಯಾರೂ ಲೆಕ್ಕ ಹಾಕಿದವರಲ್ಲ.

ಇಂದು ಬೆಂಗಳೂರಿನ ಯಾವುದಾದರೊಂದು ಎತ್ತರದ ಮಹಡಿಯ ಮೇಲೆ ನಿಂತು ಸುತ್ತ ನೋಡಿದರೆ, ಹಂಡೆಯು ಬಚ್ಚಲನ್ನು ಬಿಟ್ಟು ತಾರಸಿಯನ್ನೇರಿರುವುದು ಕಾಣುತ್ತದೆ. ದಕ್ಷಿಣಕ್ಕೆ ಮುಖಮಾಡಿ ಓರೆಯಾಗಿ ಒರಗಿದ ಗಾಜಿನ ಪೆಟ್ಟಿಗೆಗಳು ಅಥವಾ ಕಪ್ಪು ನಳಿಗೆಗಳ ಸಾಲು, ಅವುಗಳ ತಲೆಯ ಮೇಲೊಂದು ಅಡ್ಡಲಾಗಿ ಮಲಗಿದ ಪೀಪಾಯಿ. ಇದೇ ಸೌರ ಜಲತಾಪಕ; ಜನರ ಬಾಯಲ್ಲಿ ಬರಿಯ 'ಸೋಲಾರ್'. ಈ ತಾಪಕಗಳನ್ನು ಮನೆಮನೆಗೆ ಹಾಕಿಸಿಕೊಳ್ಳುವುದರಲ್ಲಿ ಬೆಂಗಳೂರು ಭಾರತದ ನಗರಗಳ ಮುಂಚೂಣಿಯಲ್ಲಿದೆ. ಮೂರು ಸಾವಿರ ಅಡಿಗಳ ಎತ್ತರದಲ್ಲಿರುವ ಈ ಊರಿನಲ್ಲಿ ವರ್ಷದ ಬಹುಪಾಲು ಬೆಳಗುಗಳಲ್ಲಿ ಬಿಸಿನೀರು ಬೇಕೆನಿಸುತ್ತದೆ, ಬಹುಪಾಲು ಹಗಲುಗಳಲ್ಲಿ ಬಿಸಿಲೂ ಇರುತ್ತದೆ. ಈ ಎರಡೂ ಒಂದೆಡೆ ಕೂಡುವುದು ಅಪರೂಪ.

ಈಚೆಗೆ ನಮ್ಮ ಪರಿಚಯದ ನಿವೃತ್ತ ಮೇಷ್ಟ್ರೊಬ್ಬರು ಒಂದು ಪ್ರಶ್ನೆಯನ್ನು ನಮ್ಮ ಮುಂದಿಟ್ಟರು. "200 ಲೀಟರಿನ ಸೋಲಾರ್ ಹಾಕಿಸಲು 35,000 ರೂಪಾಯಿ ಕೇಳುತ್ತಾರೆ. ಎರಡೇ ವರ್ಷದಲ್ಲಿ ಹಾಕಿದ ಹಣ ಹಿಂದಿರುಗುತ್ತದೆಂದು ಅಂಗಡಿಯವನು ಹೇಳುತ್ತಾನೆ. ಹತ್ತು ವರ್ಷವಾದರೂ ತಮ್ಮದು ಹಿಂದಿರುಗಲಿಲ್ಲವೆಂದು ಪಕ್ಕದ ಮನೆಯವರು ಹೇಳುತ್ತಾರೆ. ನೀವು ವಿಜ್ಞಾನ ಬರೆಯುವವರು. ಇಬ್ಬರಲ್ಲಿ ಸುಳ್ಳು ಹೇಳುತ್ತಿರುವವರು ಯಾರು?"

ಇಬ್ಬರೂ ಸುಳ್ಳು ಹೇಳುತ್ತಿಲ್ಲವೆಂದು ನಾವು ಉತ್ತರಿಸಿದಾಗ ಮೇಷ್ಟ್ರು ನಕ್ಕುಬಿಟ್ಟರು. ಆದರೆ ಅದು ನಿಜ. ಅದು ಹೇಗೆಂಬುದನ್ನು ಕಾಣಬೇಕಾದರೆ ಮೊದಲು ಈ ಪೆಟ್ಟಿಗೆಯೊಳಗೆ ನಡೆಯುವುದೇನೆಂಬುದನ್ನು ತಿಳಿಯಬೇಕು.

ಚಪ್ಪಟೆ ಪೆಟ್ಟಿಗೆಯ ತಾಪಕದಲ್ಲಿ ಗಾಜಿನ ಕೆಳಗೆ ಕಪ್ಪು ಲೇಪನದ ಲೋಹದ ತಗಡು, ತಗಡಿಗೆ ಬೆಸೆದ ತಾಮ್ರದ ಸಣ್ಣ ಕೊಳವೆಗಳು, ಅವುಗಳ ಕೆಳಗೆ ಶಾಖವನ್ನು ತಡೆಯುವ ಹತ್ತಿಯಂಥ ಹಾಸು, ಇಷ್ಟೇ. ಬಿಸಿಲಿನ ಬೆಳಕು ಗಾಜನ್ನು ಸುಲಭವಾಗಿ ದಾಟಿ ತಗಡನ್ನು ಕಾಯಿಸುತ್ತದೆ. ಕಾದ ತಗಡು ಹೊರಸೂಸುವುದು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು. ಅವುಗಳಿಗೆ ಗಾಜು ದಾರಿ ಬಿಡದು. ಮೇಲಾಗಿ ಗಾಳಿಯು ತಗಡಿನ ಶಾಖವನ್ನು ಹೊತ್ತೊಯ್ಯದಂತೆಯೂ ಗಾಜು ಕಾಯುತ್ತದೆ. ನಳಿಗೆಗಳ ತಾಪಕದಲ್ಲಿ ಒಂದರೊಳಗೊಂದು ಇರುವ ಎರಡು ಗಾಜಿನ ಗೋಡೆಗಳ ನಡುವಣ ಗಾಳಿಯನ್ನು ಹೀರಿ ತೆಗೆದು ನಿರ್ವಾತ ಮಾಡಿರುತ್ತಾರೆ. ಚಹಾ ಬಿಸಿಯಾಗಿಡುವ ಫ್ಲಾಸ್ಕಿನ ಉಪಾಯವೇ ಇದು.

ಇನ್ನು ಕಾದ ನೀರು ಪೀಪಾಯಿಗೆ ಏರುವುದು ಹೇಗೆ? ಇಲ್ಲಿ ಪಂಪು ಇಲ್ಲ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಸಾವಿರ ಲೀಟರ್ ನೀರು 998 ಕಿಲೊಗ್ರಾಂ ತೂಗಿದರೆ, 60 ಡಿಗ್ರಿಯ ಅಷ್ಟೇ ನೀರು ತೂಗುವುದು ಸುಮಾರು 983 ಕಿಲೊಗ್ರಾಂ. ನೂರಕ್ಕೆ ಒಂದೂವರೆಯಷ್ಟು ಅಂತರ. ಈ ಅಲ್ಪ ಅಂತರದ ಬಲದಿಂದಲೇ ಹಗುರವಾದ ಬಿಸಿನೀರು ಮೇಲೇರುತ್ತದೆ, ಭಾರವಾದ ತಣ್ಣೀರು ಕೆಳಗಿಳಿದು ಅದರ ಸ್ಥಾನಕ್ಕೆ ಬರುತ್ತದೆ. ಸೂರ್ಯನಿರುವಷ್ಟು ಹೊತ್ತು ಈ ಸುತ್ತಾಟ ನಿಲ್ಲದು. ಬಲ ಇಷ್ಟು ಅಲ್ಪವಾದ್ದರಿಂದಲೇ ಪೀಪಾಯಿಯ ತಳವು ಪೆಟ್ಟಿಗೆಯ ತಲೆಗಿಂತ ಮೇಲಿರಬೇಕು. ಜೋಡಿಸುವ ಕೊಳವೆಯಲ್ಲಿ ಎಲ್ಲಿಯೂ ಗೂನು ಇರಬಾರದು. ಗೂನಿನಲ್ಲಿ ಒಂದು ಹಿಡಿ ಗಾಳಿ ಸೇರಿಕೊಂಡರೆ ಸಾಕು, ಸುತ್ತಾಟ ನಿಂತು, ಬಿಸಿಲು ಸುಡುತ್ತಿದ್ದರೂ ಪೀಪಾಯಿ ತಣ್ಣಗಿರುತ್ತದೆ. ಹೊಸ ಸೋಲಾರ್ ಸರಿಯಾಗಿ ಕಾಯದಿದ್ದರೆ ಸೂರ್ಯನನ್ನು ದೂರುವುದಕ್ಕೆ ಮೊದಲು ಕೊಳವೆಯ ಬಾಗನ್ನು ನೋಡುವುದು ಲೇಸು.

ಯುಕ್ತಿ ಹೊಸದೇನಲ್ಲ. ಜಿನೀವಾದ ಸೋಸೂರ್ ಎಂಬ ವಿಜ್ಞಾನಿ 1767ರಲ್ಲಿಯೇ ಗಾಜಿನ ಪೆಟ್ಟಿಗೆಗಳಲ್ಲಿ ಬಿಸಿಲನ್ನು ಹಿಡಿದು, ನೀರು ಕುದಿಯುವ ಉಷ್ಣತೆಯನ್ನು ಮೀರಿ ಕಾಯಿಸಿದ್ದನು. 1891ರಲ್ಲಿ ಅಮೆರಿಕದ ಬಾಲ್ಟಿಮೋರಿನ ಕ್ಲಾರೆನ್ಸ್ ಕೆಂಪ್ ಎಂಬಾತನು ಕಪ್ಪು ತೊಟ್ಟಿಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಪೇಟೆಂಟ್ ಪಡೆದು ಮಾರಾಟಕ್ಕಿಳಿದನು. ಆದರೆ ಆ ನೀರು ರಾತ್ರಿ ಆರಿಹೋಗುತ್ತಿತ್ತು. ಕ್ಯಾಲಿಫೋರ್ನಿಯದ ವಿಲಿಯಂ ಬೇಲಿ 1909ರಲ್ಲಿ ಕಾಯುವ ಪೆಟ್ಟಿಗೆಯನ್ನೂ ಶೇಖರಿಸುವ ತೊಟ್ಟಿಯನ್ನೂ ಬೇರ್ಪಡಿಸಿ, ತೊಟ್ಟಿಗೆ ಶಾಖರಕ್ಷಕ ಹೊದಿಕೆ ಹಾಕಿದನು. ಸಂಜೆ ಕಾದ ನೀರು ಬೆಳಗಿನ ತನಕ ಬಿಸಿಯಾಗಿ ಉಳಿಯತೊಡಗಿತು. ನಮ್ಮ ತಾರಸಿಯ ಮೇಲಿರುವುದು ಮೂಲತಃ ಬೇಲಿಯ ಯಂತ್ರವೇ. ವ್ಯಾಪಾರ ಕುದುರಿತು. ಆದರೆ 1920ರ ದಶಕದಲ್ಲಿ ಲಾಸ್ ಏಂಜಲೀಸ್ ಸುತ್ತ ಅಗ್ಗದ ನೈಸರ್ಗಿಕ ಅನಿಲ ದೊರೆತದ್ದೇ ತಡ, ಅಲ್ಲಿ ಈ ಯಂತ್ರದ ಮಾರಾಟ ಕುಸಿಯಿತು. ಬಿಸಿಲು ತುಟ್ಟಿಯಾಗಿರಲಿಲ್ಲ, ಬದಲಿ ಉರುವಲು ಅಗ್ಗವಾಗಿತ್ತು, ಅಷ್ಟೆ. ಇದಕ್ಕೆ ವಿರುದ್ಧವಾಗಿ, ಇಂಧನಕ್ಕೆ ಪರದಾಡುತ್ತಿದ್ದ ಇಸ್ರೇಲ್ 1980ರಲ್ಲಿ ಹೊಸ ಮನೆಗಳಿಗೆ ಸೌರ ತಾಪಕವನ್ನು ಕಡ್ಡಾಯಗೊಳಿಸಿತು. ಸೌರ ತಾಪಕದ ಲಾಭವು ಅದರೊಳಗೆ ಮಾತ್ರ ಇಲ್ಲ, ಅದು ಯಾವುದರ ಬದಲಿಗೆ ಬಂತೆಂಬುದರಲ್ಲಿಯೂ ಇದೆಯೆಂಬುದನ್ನು ಇಲ್ಲಿ ಗಮನಿಸಬೇಕು.

ಈಗ ಅಂಗಡಿಯವನ ಲೆಕ್ಕಕ್ಕೆ ಬರೋಣ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಒಂದು ಕಿಲೊಕ್ಯಾಲೊರಿ ಶಾಖ ಬೇಕು. ವಿದ್ಯುತ್ತಿನ ಒಂದು ಯೂನಿಟ್ಟು 860 ಕಿಲೊಕ್ಯಾಲೊರಿಗಳಿಗೆ ಸಮ. ನಲ್ಲಿಯ ನೀರು 22 ಡಿಗ್ರಿಯಲ್ಲಿದೆ, ಸಂಜೆಗೆ ಪೀಪಾಯಿಯ 200 ಲೀಟರ್ 62 ಡಿಗ್ರಿಗೆ ಏರಿದೆ ಎಂದಿಟ್ಟುಕೊಳ್ಳೋಣ. ಶಾಖ 200 × 40, ಅಂದರೆ 8,000 ಕಿಲೊಕ್ಯಾಲೊರಿ. ವಿದ್ಯುತ್ತಿನ ಲೆಕ್ಕದಲ್ಲಿ 9.3 ಯೂನಿಟ್. ಇದು ಅತಿಶಯೋಕ್ತಿಯಲ್ಲ. ಬೆಂಗಳೂರಿನಲ್ಲಿ ಒಂದು ಚದರ ಮೀಟರಿಗೆ ದಿನವೊಂದಕ್ಕೆ ಸರಾಸರಿ 5 ಯೂನಿಟ್ಟಿನಷ್ಟು ಸೌರಶಕ್ತಿ ಬೀಳುತ್ತದೆ; ನಾಲ್ಕು ಚದರ ಮೀಟರಿನ ಪೆಟ್ಟಿಗೆಗಳು ಅದರ ಅರ್ಧಕ್ಕೆ ಕೊಂಚ ಕಡಿಮೆ ಭಾಗವನ್ನು ಹಿಡಿದರೂ ಇಷ್ಟು ಶಾಖ ದೊರಕುತ್ತದೆ. ಗೃಹಬಳಕೆಯ ವಿದ್ಯುತ್ತಿನ ದರ ಈಚೆಗೆ ಯೂನಿಟ್ಟಿಗೆ 6 ರೂಪಾಯಿಯ ಆಸುಪಾಸಿನಲ್ಲಿದೆ. ವರ್ಷಕ್ಕೆ 300 ದಿನ ಬಿಸಿಲೆಂದರೆ 2,790 ಯೂನಿಟ್, 16,740 ರೂಪಾಯಿ. 35,000 ರೂಪಾಯಿ ಎರಡು ವರ್ಷ ಎರಡು ತಿಂಗಳಿನೊಳಗೆ ಹಿಂದಿರುಗಿತು!

ಲೆಕ್ಕದಲ್ಲಿ ಗುಣಾಕಾರದ ತಪ್ಪಿಲ್ಲ. ತಪ್ಪಿರುವುದು ಒಂದು ಊಹೆಯಲ್ಲಿ. ಪೀಪಾಯಿಯ ನೀರಷ್ಟನ್ನೂ ಮನೆಯವರು ದಿನವೂ ಬಳಸುತ್ತಾರೆಂದೂ, ಸೋಲಾರ್ ಇಲ್ಲದಿದ್ದರೆ ಅಷ್ಟನ್ನೂ ವಿದ್ಯುತ್ತಿನಿಂದಲೇ ಕಾಯಿಸಿಕೊಳ್ಳುತ್ತಿದ್ದರೆಂದೂ ಅದು ಭಾವಿಸುತ್ತದೆ. ಯಂತ್ರವು ಎಷ್ಟು ಶಾಖವನ್ನು ಕೊಟ್ಟೀತೆಂಬುದು ಒಂದು ಮಾತು. ಅದು ನಮಗೆ ಎಷ್ಟು ಉಳಿಸಿತೆಂಬುದು ಬೇರೆಯೇ ಮಾತು. ಬಳಸದೆ ಉಳಿದ ಬಿಸಿನೀರಿನಿಂದ ಯಾರ ಬಿಲ್ಲೂ ಇಳಿಯುವುದಿಲ್ಲ.

ಮೇಷ್ಟ್ರ ಮನೆಯಲ್ಲಿ ಐದು ಜನ. ನಾವು ಅವರಿಗೆ ಒಂದು ವಾರ ಬಕೆಟ್ ಎಣಿಸುವ ಕೆಲಸವನ್ನು ಒಪ್ಪಿಸಿದೆವು. ಜೀವಮಾನವೆಲ್ಲ ಹಾಜರಿ ಕೂಗಿದವರಿಗೆ ಇದೇನು ಕಷ್ಟ? ಬಚ್ಚಲ ಬಾಗಿಲಿಗೆ ಕಾಗದವೊಂದನ್ನು ಅಂಟಿಸಿ, ಮೊಮ್ಮಗನ ಕೈಯಿಂದ ಗೆರೆ ಹಾಕಿಸಿದರು. ಏಳು ದಿನಗಳಿಗೆ 42 ಬಕೆಟ್. ಭಾನುವಾರದ ಎಣ್ಣೆಸ್ನಾನವೂ ಸೇರಿ ದಿನಕ್ಕೆ ಸರಾಸರಿ ಆರು. ಬಕೆಟ್ಟಿನಲ್ಲಿ 18 ಲೀಟರ್. ಹದವಾಗಿ ಬೆರೆಸಿದ ಸ್ನಾನದ ನೀರು ಥರ್ಮಾಮೀಟರಿನಲ್ಲಿ 42 ಡಿಗ್ರಿಯನ್ನು ತೋರಿಸಿತು. ಹಾಗಾದರೆ ದಿನಕ್ಕೆ ಬೇಕಾದ ಶಾಖ 108 × 20, ಅಂದರೆ 2,160 ಕಿಲೊಕ್ಯಾಲೊರಿ, ಎರಡೂವರೆ ಯೂನಿಟ್. ಗೀಸರಿನ ಮೈಯಿಂದ ಸೋರುವ ಶಾಖವನ್ನೂ ಸೇರಿಸಿ 2.75 ಯೂನಿಟ್ ಎಂದು ಹಿಡಿಯಬಹುದು. ಮೋಡದ ದಿನಗಳನ್ನು ಕಳೆದು ವರ್ಷಕ್ಕೆ 280 ದಿನ ಎಣಿಸಿದರೆ 770 ಯೂನಿಟ್, 4,620 ರೂಪಾಯಿ. ಸಂಗ್ರಾಹಕವನ್ನು ತೊಳೆಸುವುದು, ಬಿರುಕುಬಿಟ್ಟ ರಬ್ಬರನ್ನು ಬದಲಿಸುವುದು ಮುಂತಾದ ದುರಸ್ತಿಗೆ ವರ್ಷಕ್ಕೆ ಸಾವಿರ ರೂಪಾಯಿ ಕಳೆದರೆ ಉಳಿತಾಯ 3,620. ಇದರಿಂದ 35,000 ರೂಪಾಯಿ ತೀರಲು ಒಂಬತ್ತೂ ಮುಕ್ಕಾಲು ವರ್ಷ ಹಿಡಿಯುತ್ತದೆ. ಪಕ್ಕದ ಮನೆಯವರ ಮಾತೂ ನಿಜವಾಯಿತಲ್ಲ!

ಅದೇ ಐವರು ಬಕೆಟ್ಟನ್ನು ಬಿಟ್ಟು ಷವರಿನ ಕೆಳಗೆ ನಿಂತರೆ? ಐದು ನಿಮಿಷದ ಷವರಿಗೆ 40 ಲೀಟರ್ ಸುಲಭವಾಗಿ ಹರಿದುಹೋಗುತ್ತದೆ. ಆಗ ದಿನದ ಖರ್ಚು ಐದು ಯೂನಿಟ್ಟನ್ನು ದಾಟುತ್ತದೆ. ಉಳಿತಾಯ ವರ್ಷಕ್ಕೆ ಏಳೂವರೆ ಸಾವಿರಕ್ಕೆ ಏರಿ, ಹಾಕಿದ ಹಣ ಐದು ವರ್ಷದೊಳಗೆ ಬರುತ್ತದೆ. ದುಂದುಗಾರನಿಗೆ ಬೇಗ ಲಾಭ, ಮಿತವ್ಯಯಿಗೆ ತಡವಾಗಿ! ಈ ವಿಚಿತ್ರವು ಸೋಲಾರಿಗೆ ಮಾತ್ರ ಮೀಸಲಲ್ಲ. ಉಳಿತಾಯ ಮಾಡಿಸುವ ಯಂತ್ರಗಳೆಲ್ಲವೂ ಹೀಗೆಯೇ. ಜಿಪುಣನ ಮನೆಯಲ್ಲಿ ಅವಕ್ಕೆ ಕೆಲಸವಿಲ್ಲ.

ಮೂಲಧನಕ್ಕೆ ಬ್ಯಾಂಕಿನಲ್ಲಿ ಬರಬಹುದಾಗಿದ್ದ ಬಡ್ಡಿಯನ್ನೂ ಮರೆಯಬಾರದು. ಶೇಕಡಾ 6ರಂತೆ 35,000ಕ್ಕೆ ವರ್ಷಕ್ಕೆ 2,100 ರೂಪಾಯಿ. ಆದರೆ ವಿದ್ಯುತ್ತಿನ ದರವೂ ಕಾಲಕ್ರಮದಲ್ಲಿ ಏರುವುದರಿಂದ ಇವೆರಡೂ ಕೆಲಮಟ್ಟಿಗೆ ಒಂದನ್ನೊಂದು ತೂಗಿಸುತ್ತವೆ. ಚೆನ್ನಾಗಿ ನೋಡಿಕೊಂಡ ಚಪ್ಪಟೆ ಸಂಗ್ರಾಹಕ ಹದಿನೈದು ವರ್ಷ ಬಾಳುವುದುಂಟು.

'ಚೆನ್ನಾಗಿ ನೋಡಿಕೊಂಡ' ಎಂಬ ಮಾತಿನಲ್ಲಿ ಬಹಳವಿದೆ. ಕಾವೇರಿಯ ನೀರು ಮೃದು. ಕೊಳವೆಬಾವಿಯ ನೀರು ಹಾಗಲ್ಲ. ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟು ಕಾಯಿಸಿದಾಗ ಕರಗದ ಕಾರ್ಬೊನೇಟಾಗಿ ಬೇರ್ಪಟ್ಟು ಗೋಡೆಗೆ ಹತ್ತುತ್ತದೆ. ಕಾಫಿಗೆ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕೂರುವ ಬಿಳಿಯ ಗಟ್ಟಿಯೇ ಇದು. ಬೆರಳಿಗಿಂತ ಸಣ್ಣದಾದ ತಾಮ್ರದ ಕೊಳವೆಯಲ್ಲಿ ಈ ಗಟ್ಟಿ ಬೆಳೆದರೆ, ನಾವು ಮೇಲೆ ಹೇಳಿದ ಒಂದೂವರೆ ಪಾಲಿನ ಬಡ ಬಲವು ನೀರನ್ನು ತಳ್ಳುವುದೆಂತು? ಗಡಸು ನೀರಿನ ಬಡಾವಣೆಗಳಲ್ಲಿ ಅಗಲ ಬಾಯಿಯ ಗಾಜಿನ ನಳಿಗೆಗಳು ಹೆಚ್ಚು ತಾಳಿಕೊಳ್ಳುತ್ತವೆ. ಅವಕ್ಕೆ ಬೇರೊಂದು ಭಯವಿದೆ: ತೊಟ್ಟಿ ಬರಿದಾಗಿ, ಒಣ ನಳಿಗೆ ಮಧ್ಯಾಹ್ನದ ಬಿಸಿಲಿನಲ್ಲಿ ಕಾದಿರುವಾಗ ಒಮ್ಮೆಲೇ ತಣ್ಣೀರು ಬಿಟ್ಟರೆ ಗಾಜು ಸಿಡಿಯುತ್ತದೆ. ಅಂಥ ದಿನ ಸಂಜೆಯವರೆಗೆ ಕಾದು ನೀರು ತುಂಬಬೇಕು.

ಅಂಗಡಿಯವನ ಲೆಕ್ಕದಲ್ಲಿಯೂ ಪಕ್ಕದ ಮನೆಯವರ ಲೆಕ್ಕದಲ್ಲಿಯೂ ಬಾರದ ಇನ್ನೊಂದು ಬಾಬು ಕೊಳವೆಯ ಉದ್ದ. ತಾರಸಿಯ ಒಂದು ಮೂಲೆಯಿಂದ ಕೆಳಮನೆಯ ಬಚ್ಚಲಿಗೆ 20 ಮೀಟರ್ ಕೊಳವೆ. ಅದರ ಒಳವ್ಯಾಸ 20 ಮಿಲಿಮೀಟರ್ ಎಂದರೆ ಅದರೊಳಗೆ ಆರು ಲೀಟರಿಗಿಂತ ಹೆಚ್ಚು ನೀರು ನಿಂತಿರುತ್ತದೆ. ನಲ್ಲಿ ತಿರುಗಿಸಿದೊಡನೆ ಮೊದಲು ಬರುವುದು ಈ ತಣ್ಣೀರು. ಸ್ನಾನ ಮುಗಿಸಿ ನಲ್ಲಿ ನಿಲ್ಲಿಸಿದಾಗ ಅಷ್ಟೇ ಬಿಸಿನೀರು ಕೊಳವೆಯಲ್ಲಿ ಉಳಿದು ಆರಿಹೋಗುತ್ತದೆ. ಐವರು ಗಂಟೆಗೊಬ್ಬರಂತೆ ಸ್ನಾನ ಮಾಡಿದರೆ ಈ ದಂಡ ಐದು ಸಲ, ಮೂವತ್ತು ಲೀಟರ್. ಸಾಲಾಗಿ ಮಾಡಿದರೆ ಒಂದೇ ಸಲ. ಟ್ಯಾಂಕರಿನಿಂದ ನೀರು ಕೊಳ್ಳುವವರಿಗೆ ಈ ಮೂವತ್ತು ಲೀಟರಿನ ಬೆಲೆಯನ್ನು ನಾವು ಹೇಳಬೇಕಾಗಿಲ್ಲ.

ಮೋಡದ ದಿನಕ್ಕೆಂದು ಪೀಪಾಯಿಯಲ್ಲಿ ವಿದ್ಯುತ್ ಸುರುಳಿಯನ್ನೂ ಇಟ್ಟಿರುವುದುಂಟು. ಇದನ್ನು ರಾತ್ರಿಯೆಲ್ಲ ಹಾಕಿಟ್ಟು ಮಲಗುವವರಿದ್ದಾರೆ. ಸೂರ್ಯ ಹುಟ್ಟುವ ಹೊತ್ತಿಗೆ ಪೀಪಾಯಿ ಆಗಲೇ ಬಿಸಿಯಾಗಿದ್ದರೆ ಸೂರ್ಯನಿಗೆ ಉಳಿದ ಕೆಲಸವೇನು? ಬಿಸಿನೀರಿನಿಂದ ತುಂಬಿದ ಸಂಗ್ರಾಹಕವು ಹೀರಿದ ಶಾಖದಲ್ಲಿ ಹೆಚ್ಚು ಪಾಲನ್ನು ಹೊರಗೆ ಚೆಲ್ಲುತ್ತದೆ. ಸುರುಳಿ ಬೇಕಾದರೆ ಸ್ನಾನಕ್ಕೆ ಸ್ವಲ್ಪ ಮುಂಚೆ ಹಾಕತಕ್ಕದ್ದು.

ಬೆಂಗಳೂರಿನ ಮಾತು ಬೇರೆ, ತೀರ್ಥಹಳ್ಳಿಯ ಮಾತು ಬೇರೆ. ಮಲೆನಾಡಿನಲ್ಲಿ ಬಿಸಿನೀರು ಅತಿಯಾಗಿ ಬೇಕಾಗುವ ಆಷಾಢ ಶ್ರಾವಣಗಳಲ್ಲಿಯೇ ಸೂರ್ಯ ಮುಖ ತೋರಿಸುವುದಿಲ್ಲ. ಅಲ್ಲಿ ಹಂಡೆಯೇ ಇನ್ನೂ ಒಡತಿ. ಒಣ ಸೌದೆಯ ಒಂದು ಕಿಲೊಗ್ರಾಮಿನಲ್ಲಿ ಸುಮಾರು 4,000 ಕಿಲೊಕ್ಯಾಲೊರಿ ಶಾಖವಿರುತ್ತದೆ. ಅದರ ಐದನೆಯ ಒಂದು ಪಾಲು ನೀರಿಗೆ ಸೇರುತ್ತದೆಂದು ಹಿಡಿದರೆ, ಮೇಷ್ಟ್ರ ಮನೆಯಷ್ಟೇ ನೀರಿಗೆ ದಿನಕ್ಕೆ 2.7 ಕಿಲೊಗ್ರಾಂ, ವರ್ಷಕ್ಕೆ ಹೆಚ್ಚು ಕಡಿಮೆ ಒಂದು ಟನ್ ಸೌದೆ ಬೇಕು. ತೋಟದಿಂದ ತಂದ ಸೌದೆಗೆ ರೂಪಾಯಿ ಕೊಡಬೇಕಾಗಿಲ್ಲ ನಿಜ. ಆದರೆ ಒಂದು ಟನ್ನನ್ನು ಆಯ್ದು, ಹೊತ್ತು, ಒಣಗಿಸಿ, ಊದಿ ಉರಿಸಿ, ಹೊಗೆ ಕುಡಿದವರು ಮನೆಯ ಹೆಂಗಸರು. ಅಲ್ಲಿ ಬೇಸಿಗೆ ಚಳಿಗಾಲಗಳ ಎಂಟು ತಿಂಗಳು ಸೋಲಾರ್ ಕೆಲಸ ಮಾಡಿದರೆ ಉಳಿತಾಯವು ಯಾವ ಬಿಲ್ಲಿನಲ್ಲಿಯೂ ಕಾಣದು. ಆದರೂ ಅದನ್ನು ಸೊನ್ನೆಯೆನ್ನಲು ನಮಗೆ ಮನಸ್ಸು ಬಾರದು.

ಬಿಲ್ಲಿನಲ್ಲಿ ಉಳಿತಾಯ ಕಾಣದ ಮನೆಗಳು ನಗರದಲ್ಲಿಯೂ ಇವೆ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಂತೆ, ಮನೆಯ ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇಕಡಾ 10 ಸೇರಿಸಿ, 200 ಯೂನಿಟ್ಟಿನ ಮಿತಿಯೊಳಗೆ, ವಿದ್ಯುತ್ತಿಗೆ ಬಿಲ್ಲಿಲ್ಲ. ಈ ಮಿತಿಯೊಳಗೇ ಗೀಸರ್ ನಡೆಸುವ ಮನೆಗೆ ಸೋಲಾರಿನಿಂದ ಒಂದು ಪೈಸೆಯೂ ಉಳಿಯುವುದಿಲ್ಲ. ಆದರೆ ಗಡಿಯಂಚಿನ ಮನೆಯನ್ನು ನೋಡಿ. 180 ಯೂನಿಟ್ ಸರಾಸರಿಯ ಮನೆಗೆ 198ರವರೆಗೆ ಮಾಫಿ. ಪುಷ್ಯಮಾಸದ ಚಳಿಯಲ್ಲಿ ಗೀಸರಿನ ಓಡಾಟ ಹೆಚ್ಚಿ ಬಳಕೆ 205 ಆಯಿತೆಂದರೆ ಹೆಚ್ಚಿನ ಏಳಕ್ಕಲ್ಲ, 205 ಯೂನಿಟ್ಟಿಗೂ ಹಣ ತೆರಬೇಕು. 6 ರೂಪಾಯಿಯಂತೆ 1,230. ಅಂಥ ತಿಂಗಳಲ್ಲಿ ಕೊನೆಯ ಕೆಲವು ಬಕೆಟ್ಟುಗಳಷ್ಟು ದುಬಾರಿಯಾದ ನೀರು ಬೇರೆಲ್ಲಿಯೂ ಸಿಗದು.

ಮನೆಯವರಿಗೆ ಲಾಭವಿರಲಿ ಇಲ್ಲದಿರಲಿ, ವಿದ್ಯುತ್ ಜಾಲಕ್ಕೆ ಮಾತ್ರ ಲಾಭವುಂಟು. ಮುಂಜಾನೆ ಆರರಿಂದ ಎಂಟರೊಳಗೆ ಸಾವಿರ ಮನೆಗಳು ಎರಡು ಕಿಲೊವಾಟಿನ ಗೀಸರನ್ನು ಒಮ್ಮೆಗೇ ಹಾಕಿದರೆ ಎರಡು ಸಾವಿರ ಕಿಲೊವಾಟ್ ಬೇಕು. ಆ ಹೊತ್ತಿಗೆ ಸೌರ ವಿದ್ಯುತ್ ಸ್ಥಾವರಗಳು ಇನ್ನೂ ಮೈಮುರಿಯುತ್ತಿರುತ್ತವೆ. ಜಲಾಶಯವೋ ಕಲ್ಲಿದ್ದಲೋ ಹೊರೆ ಹೊರಬೇಕು. ನಿನ್ನೆಯ ಬಿಸಿಲನ್ನು ನೀರಿನ ರೂಪದಲ್ಲಿ ಶೇಖರಿಸಿಟ್ಟ ಪೀಪಾಯಿ ಈ ಹೊರೆಯನ್ನು ಇಳಿಸುತ್ತದೆ. ಕರ್ನಾಟಕ ಸರ್ಕಾರ 2007ರಲ್ಲಿ ಹೊಸ ಕಟ್ಟಡಗಳ ಹಲವು ವರ್ಗಗಳಿಗೆ ಸೌರ ತಾಪಕವನ್ನು ಕಡ್ಡಾಯ ಮಾಡಿದ್ದಕ್ಕೂ, ಹಾಕಿಸಿಕೊಂಡವರಿಗೆ ಯೂನಿಟ್ಟಿಗೆ 50 ಪೈಸೆಯಂತೆ ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ರಿಯಾಯಿತಿಯನ್ನು ಹಲವು ವರ್ಷ ನೀಡಿದ್ದಕ್ಕೂ ಇದೇ ಕಾರಣ. ತಿಂಗಳಿಗೆ ಐವತ್ತು ಎಂದರೆ ವರ್ಷಕ್ಕೆ 600 ರೂಪಾಯಿ. ಜಾಲದ ಪಾಲಿಗೆ ಅಗ್ಗದ ವ್ಯಾಪಾರವೆಂದೇ ನಮ್ಮ ಅಭಿಪ್ರಾಯ.

ಅದೇ ತಾರಸಿಯ ಮೇಲೆ ವಿದ್ಯುತ್ತನ್ನೇ ಉತ್ಪಾದಿಸುವ ಫಲಕಗಳನ್ನು ಹಾಕಿ ಗೀಸರ್ ನಡೆಸಬಾರದೇಕೆಂದು ಕಾಲೇಜಿನ ವಾಚಕರು ಕೇಳಬಹುದು. ಪ್ರಶ್ನೆ ಸರಿಯಾದದ್ದೇ. ಎರಡು ಚದರ ಮೀಟರಿನ ವಿದ್ಯುತ್ ಫಲಕ ಬಿಸಿಲಿನ ಐದರಲ್ಲಿ ಒಂದು ಪಾಲನ್ನು ಹಿಡಿದರೆ ಹೆಚ್ಚು. ಅಷ್ಟೇ ಜಾಗದ ಜಲತಾಪಕ ಅದರ ಎರಡು ಪಟ್ಟಿಗಿಂತ ಹೆಚ್ಚು ಶಾಖವನ್ನು ಹಿಡಿಯುತ್ತದೆ. ಆದರೆ ಬಳಸದ ವಿದ್ಯುತ್ತನ್ನು ಜಾಲಕ್ಕೆ ಮಾರಬಹುದು, ಬಳಸದ ಬಿಸಿನೀರನ್ನು ಯಾರಿಗೆ ಮಾರುವುದು? ಕಲಬುರಗಿಯ ವೈಶಾಖದಲ್ಲಿ ನಲ್ಲಿಯ ತಣ್ಣೀರೇ ಸ್ನಾನಕ್ಕೆ ಬಿಸಿಯಾಗಿರುತ್ತದೆ. ತಾರಸಿ ವಿಶಾಲವಾಗಿದ್ದು ಬಿಸಿನೀರಿನ ಖರ್ಚು ಕಡಿಮೆಯಿರುವವರು ಈ ಎರಡನೆಯ ದಾರಿಯನ್ನೂ ಲೆಕ್ಕ ಹಾಕಿ ನೋಡಬೇಕು.

ಸಂಗ್ರಾಹಕವನ್ನು ಎಷ್ಟು ಓರೆಯಾಗಿಸಬೇಕೆಂಬ ಬಗ್ಗೆ ಒಂದು ಮಾತು. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನಮ್ಮ ನೆತ್ತಿಗಿಂತಲೂ ಉತ್ತರಕ್ಕಿರುತ್ತಾನೆ. ಆದರೂ ಪೆಟ್ಟಿಗೆಯನ್ನು ಅಕ್ಷಾಂಶಕ್ಕಿಂತ ಹತ್ತು ಹನ್ನೆರಡು ಡಿಗ್ರಿ ಹೆಚ್ಚಾಗಿ ದಕ್ಷಿಣಕ್ಕೆ ಓರೆಮಾಡುತ್ತಾರೆ. ವರ್ಷದ ಒಟ್ಟು ಶಾಖ ಇದರಿಂದ ಕೊಂಚ ಕಡಿಮೆಯಾಗುತ್ತದೆ. ಬಿಸಿನೀರು ನಿಜವಾಗಿ ಬೇಕಾಗುವ ಡಿಸೆಂಬರ್ ಜನವರಿಗಳಲ್ಲಿ ಹೆಚ್ಚು ದೊರೆಯುತ್ತದೆ.

ಮೇಷ್ಟ್ರ ಮನೆಯವರು ಗೃಹಜ್ಯೋತಿಯ ಮಿತಿಗಿಂತ ಮೇಲಿನವರಾದ್ದರಿಂದ ಉಳಿಸಿದ ಯೂನಿಟ್ಟಿಗೆಲ್ಲ ಬೆಲೆಯುಂಟು. ಅವರು ಬಕೆಟ್ಟಿನ ಪಟ್ಟಿಯನ್ನು ಹಿಡಿದು ಮತ್ತೊಮ್ಮೆ ಅಂಗಡಿಗೆ ಹೋದರು. 100 ಲೀಟರಿನದು 20,000 ರೂಪಾಯಿ. ಆರು ಬಕೆಟ್ಟಿಗೆ ಬೇಕಾದ 2,160 ಕಿಲೊಕ್ಯಾಲೊರಿಗಳನ್ನು ಈ ಚಿಕ್ಕ ಪೀಪಾಯಿ 45 ಡಿಗ್ರಿಗೆ ಏರಿದರೂ ಕೊಡಬಲ್ಲದು. ಉಳಿತಾಯ ಅದೇ 3,620. ಹಣ ಹಿಂದಿರುಗುವುದು ಐದೂವರೆ ವರ್ಷದಲ್ಲಿ. ಮನೆಯ ಮುಂಭಾಗದಲ್ಲಿ ಅಂದವಾಗಿ ಕಾಣಲೆಂದು ಅಂಗಡಿಯವನು ಗುರುತಿಸಿದ್ದ ಜಾಗವನ್ನು ಬಿಟ್ಟು, ಬಚ್ಚಲಿನ ನೇರ ಮೇಲಕ್ಕೆ ಅದನ್ನು ಕೂರಿಸಿದರು. ಕೊಳವೆ 20 ಮೀಟರಿನಿಂದ ಏಳಕ್ಕೆ ಇಳಿಯಿತು.

"ಹಬ್ಬಕ್ಕೆ ನೆಂಟರು ಬಂದರೆ ಏನು ಮಾಡುತ್ತೀರಿ ಸಾರ್?" ಎಂದು ಅಂಗಡಿಯವನು ಕೊನೆಯ ಪ್ರಯತ್ನ ಮಾಡಿದನಂತೆ.

"ಹಳೆಯ ಗೀಸರು ಎಲ್ಲಿಗೂ ಹೋಗಿಲ್ಲವಲ್ಲಪ್ಪ" ಎಂದು ಮೇಷ್ಟ್ರು ಹೇಳಿದರಂತೆ.